ಅರ್ಧ ತಾಸಿಗೆ ಇಳಿಸಿದ ಬಾಟಲಿಗಳು

ಆ ಹನ್ನೆರಡು ಗಾಜಿನ ಬಾಟಲಿಗಳಲ್ಲಿ ಅಣಬೆ ಕೆಟ್ಟದ್ದು ನನ್ನಿಂದ. ಗಿರಿಜಾಳಿಂದ ಅಲ್ಲ. ಇಷ್ಟು ಹೇಳಲು ನನಗೆ ಆರು ವರ್ಷ ಬೇಕಾಯಿತು — ನಾಚಿಕೆಯಾಗಬೇಕು ನನಗೆ.

ಗಿರಿಜಾ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಶಿಗ್ಗಾಂವದ ನಮ್ಮ ಮನೆಯಲ್ಲಿ ಇಬ್ಬರಿಗೂ ಒಂದೇ ಅಡುಗೆಮನೆ. ಹಾನಗಲ್ಲಿಗೆ ಹೋಗಿ ಮೂರು ದಿನ ಅಣಬೆ ಬೆಳೆಯುವುದನ್ನು ಕಲಿತು ಬಂದವಳು ನಾನು. ಪ್ಲಾಸ್ಟಿಕ್ ಚೀಲ ಯಾಕೆ, ಗಾಜಿನ ಬಾಟಲಿಯಾದರೆ ಮತ್ತೆ ಮತ್ತೆ ತೊಳೆದು ಬಳಸಬಹುದು ಎಂದು ಮನೆಯವರೆದುರು ಭಾಷಣ ಬಿಗಿದವಳೂ ನಾನೇ. ಖಾಲಿಯಾದ ಉಪ್ಪಿನಕಾಯಿ ಬಾಟಲಿಗಳನ್ನು ತಿಕ್ಕಿ ತೊಳೆದವಳು, ಭತ್ತದ ಹುಲ್ಲು ಕತ್ತರಿಸಿ ನೆನೆಹಾಕಿದವಳು ಮಾತ್ರ ಗಿರಿಜಾ.

ಹುಲ್ಲು ತುಂಬಿದ ಬಾಟಲಿಗಳನ್ನು ಒಂದೂವರೆ ತಾಸು ಹಬೆಯಲ್ಲಿ ಬೇಯಿಸಿ, ಆರಿದ ಮೇಲೆ ಅಣಬೆ ಬೀಜ ಹಾಕಬೇಕು. ಇಲ್ಲದಿದ್ದರೆ ಹುಲ್ಲಿನೊಳಗಿನ ಬೂಷ್ಟು ಸಾಯುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅರ್ಧ ತಾಸಿಗೇ ಇಳಿಸಿಬಿಟ್ಟೆ. ಒಲೆ ಬೇಕಿತ್ತು, ರೊಟ್ಟಿಗೆ ಹೊತ್ತಾಗಿತ್ತು — ಅಲ್ಲ, ಅದೆಲ್ಲ ನೆಪ. ಕಾಯುವುದೆಂದರೆ ನನಗೆ ಬೇಸರ, ಅಷ್ಟೇ.

ಎಂಟನೇ ದಿನ ಹನ್ನೆರಡೂ ಬಾಟಲಿಗಳು ಹಸಿರಾದವು. ಮುಚ್ಚಳ ತೆಗೆದರೆ ಕಮಟು ವಾಸನೆ. ಅತ್ತೆ ಬಂದು ನೋಡಿದರು.

"ಯಾರ ಮುಟ್ಟಿದ್ರು ಇವನ್ನ?"

ಗಿರಿಜಾ ಪಾಪ, ಮುಚ್ಚುಮರೆ ಅರಿಯದವಳು. "ಮೊನ್ನೆ ಕಸ ಹೊಡಿಯೂಮುಂದ ನಾನ ಎತ್ತಿ ಇಟ್ಟೇನ್ರಿ ಅತ್ತಿ," ಅಂದಳು.

"ಮೊನ್ನೆ ನೀ ಹೊರಗಾಗಿದ್ದಿ."

ಮುಟ್ಟಾದ ದಿನವೂ ಲಿಂಗಪೂಜೆ ನಿಲ್ಲಿಸದ ಮನೆ ನಮ್ಮದು. ನಮಗೆ ಸೂತಕವಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಜನ ನಾವು. ಆದರೆ ಉಪ್ಪಿನಕಾಯಿ ಬಾಟಲಿಯ ಮಾತು ಬಂದರೆ ಆ ಹೆಮ್ಮೆ ಎಲ್ಲಿ ಹೋಗುತ್ತದೋ! ಅತ್ತೆಯ ಲೆಕ್ಕದಲ್ಲಿ ಬಾಟಲಿಯೊಳಗಿನ ಅಣಬೆಯೂ ಅಷ್ಟೇ, ಹೊರಗಾದವಳು ಮುಟ್ಟಿದರೆ ಕೆಡುವಂಥದು. ಗಿರಿಜಾ ನನ್ನ ಕಡೆ ನೋಡಿದಳು. ನಾನು ಒಂದು ಮಾತು ಹೇಳಿದ್ದರೆ...

"ಇದ್ರೂ ಇರಬಹುದ್ರಿ," ಅಂದೆ.

ಅಲ್ಲಿಗೇ ಮುಗಿಯಲಿಲ್ಲ. ಎರಡನೇ ಸಲ ಗಿರಿಜಾಳನ್ನು ಹತ್ತಿರ ಬಿಡಲಿಲ್ಲ. ನಾನು ಗಡಿಯಾರ ನೋಡುತ್ತ ಪೂರಾ ಒಂದೂವರೆ ತಾಸು ಬೇಯಿಸಿದೆ. ಅಣಬೆ ಗೊಂಚಲು ಗೊಂಚಲಾಗಿ ಬಂತು. "ನೋಡ್ರವಾ, ಆಕಿ ಮುಟ್ಟಲಿಲ್ಲ, ಬಂತು," ಎಂದು ಅತ್ತೆ ಓಣಿಗೆಲ್ಲ ಹೇಳಿದರು. ನನ್ನ ಕೈಗುಣ ಹೊಗಳಿದರು. ನಾನು ಹೊಗಳಿಸಿಕೊಂಡೆ. ಆ ಬೇಸಿಗೆಯಿಂದ ಉಪ್ಪಿನಕಾಯಿ ಹಾಕುವ ಕೆಲಸವೂ ಅವಳ ಕೈತಪ್ಪಿ ನನಗೆ ಬಂತು. ಅವಳ ಉಪ್ಪಿನಕಾಯಿಯ ರುಚಿ ನನ್ನದಕ್ಕೆ ಇವತ್ತಿಗೂ ಬಂದಿಲ್ಲ. ಮನೆಯಲ್ಲಿ ಒಬ್ಬರಾದರೂ ಅದನ್ನು ಹೇಳಬಾರದೇ? ಸಿಟ್ಟು ಬರುತ್ತದೆ — ಯಾರ ಮೇಲೆ ಅಂತ ತೋರಿಸಲಿ?

ಮೊನ್ನೆ ಅವಳ ಮಗಳು, ಈಗ ಎಂಟನೇ ಇಯತ್ತೆ, ಅಣಬೆ ನೋಡಲೆಂದು ಬಾಟಲಿಗೆ ಕೈಚಾಚಿದಳು. ಗಿರಿಜಾ ಥಟ್ಟನೆ ಹಿಡಿದಳು.

"ಬ್ಯಾಡವಾ. ನಮ್ಮ ಕೈ ಆಗಿಬರಂಗಿಲ್ಲ."

ನಮ್ಮ ಕೈ! ಮಗಳದನ್ನೂ ಸೇರಿಸಿ. ನನಗೆ ತಡೆಯಲಾಗಲಿಲ್ಲ. ಅಲ್ಲೇ, ಅತ್ತೆಯ ಎದುರಿಗೇ, ಎಲ್ಲವನ್ನೂ ಹೇಳಿದೆ. ಅತ್ತೆ "ಹಳೇ ಮಾತು ಬಿಡವಾ" ಎಂದು ಮತ್ತೆ ಕಾಳು ಹಸನು ಮಾಡತೊಡಗಿದರು. ಗಿರಿಜಾ ನಕ್ಕಳು. "ನನ್ನ ಸಮಾಧಾನಕ್ಕ ಹೇಳಾಕತ್ತೀರಿ ಅಕ್ಕಾ. ನಂಗ ಗೊತ್ತೈತಿ."

ಅವಳು ಕ್ಷಮಿಸುತ್ತಾಳೋ ಇಲ್ಲವೋ ಎಂದು ಆರು ವರ್ಷ ಹೆದರಿದ್ದೆ. ನಂಬುವುದೇ ಇಲ್ಲ ಎಂದು ಒಮ್ಮೆಯೂ ಅನಿಸಿರಲಿಲ್ಲ.

ಇವತ್ತು ಬೆಳಿಗ್ಗೆ ಮತ್ತೆ ಹೇಳಿದೆ. ಅವಳ ಕೈ ಹಿಡಿದು ಬಾಟಲಿಯತ್ತ ಎಳೆದೆ. ಹೆದರಿ ಕೊಸರಿಕೊಂಡಳು. ಆಮೇಲೆ ನನ್ನ ಮುಖ ನೋಡಿ, "ತಪ್ಪ ತಿಳ್ಕೋಬ್ಯಾಡ್ರಿ ಅಕ್ಕಾ," ಎಂದು ಅವಳೇ ನನ್ನ ಕ್ಷಮೆ ಕೇಳಿದಳು.