ಸಾವಿನ ಮನೆಗೆ ಬಾಡಿಗೆ ಇಲ್ಲ

ಮಳೆಯಲ್ಲಿ ನೆನೆದ ಶಾಮಿಯಾನವನ್ನು ಬಿಸಿಲಿಗೆ ಹರಡಿದರೆ ಒಂದು ಮುಗ್ಗಲು ವಾಸನೆ ಏಳುತ್ತದೆ. ಒದ್ದೆ ಬಟ್ಟೆ, ತೆಂಗಿನ ನಾರಿನ ಹಗ್ಗ, ಯಾರೋ ಚೆಲ್ಲಿದ ಸಾಂಬಾರು... ಎಲ್ಲ ಸೇರಿದ ವಾಸನೆ. ನನ್ನ ಹೆಂಡತಿ ಮೂಗು ಮುಚ್ಚಿಕೊಂಡು ಒಳಗೆ ಹೋಗುತ್ತಾಳೆ. ನನಗೆ ಮಾತ್ರ ನಿನ್ನೆ ಅಂಗಡಿ ಹಿಂದೆ ಬಟ್ಟೆ ಹರಡುವಾಗ ಯಜಮಾನರು ಪಕ್ಕಕ್ಕೇ ಬಂದು ನಿಂತಂತಾಯಿತು.

ಯಜಮಾನರೆಂದರೆ ಪಿರಿಯಾಪಟ್ಟಣದ ಶಾಮಿಯಾನದ ಯಜಮಾನರು. ಸೈಕಲ್ಲಿನ ಹಿಂದೆ ಬಾಡಿಗೆ ಪಾತ್ರೆ ಕಟ್ಟಿಕೊಂಡು ಶುರು ಮಾಡಿದವರಂತೆ. ನಾನು ನೋಡುವ ಹೊತ್ತಿಗೆ ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ, ಎಲ್ಲಿ ಮದುವೆಯಾದರೂ ಅವರದೇ ಪೆಂಡಾಲು, ಅವರದೇ ಕುರ್ಚಿ. ಅಂಥವರಿರುವಾಗ ನಾನು ಹೊಗೆಸೊಪ್ಪಿನ ಬೇಸಾಯ ಸಾಕೆಂದು ಹೊಲವನ್ನು ತಮ್ಮನಿಗೆ ಬಿಟ್ಟು, ಅವರೂರಿಗೆ ಹತ್ತಿರದ ರಾವಂದೂರಿನಲ್ಲಿ ಶಾಮಿಯಾನದ ಅಂಗಡಿ ತೆರೆದೆ. ಸೋತರೆ ಹಿಂದಕ್ಕೆ ಹೋಗಲು ನನಗೆ ಜಾಗವಿರಲಿಲ್ಲ.

ಅಂಗಡಿ ಪೂಜೆಯ ದಿನ ಯಜಮಾನರು ಕರೆಯದಿದ್ದರೂ ಬಂದರು. ಪುರಿ ಬಾಯಿಗೆ ಹಾಕಿಕೊಂಡು ಹಗ್ಗ ಎಳೆದು ನೋಡಿದರು, ಬಟ್ಟೆಯ ಹೊಲಿಗೆ ನೋಡಿದರು.

"ಒಳ್ಳೇದು ಮಾಡ್ದೆ ಕಣಪ್ಪ. ಲಗ್ನದ ಕಾಲ್ದಲ್ಲಿ ನನ್ ತಾವ ಇರೋದು ಸಾಲಲ್ಲ. ಮಿಕ್ಕಿದ್ದು ನಿನ್ ತಾವ್ಕೆ ಕಳಿಸ್ತೀನಿ. ನೆನೆದಿದ್ನ ಮಾತ್ರ ಮಡಚಿ ಇಕ್ಕಬ್ಯಾಡ," ಅಂದರು.

ನನಗೆ ಬಂದ ಮೊದಲ ಮದುವೆಗಳೆಲ್ಲ ಅವರು ಕಳಿಸಿದವೇ. ಎದುರಾಳಿಯನ್ನು ಮುಗಿಸದೆ ತನ್ನ ಇನ್ನೊಂದು ಗೋಡೌನಿನಂತೆ ಸಾಕಿಕೊಳ್ಳುವ ಬುದ್ಧಿಯನ್ನು ನಾನು ಬೇರೆ ಯಾರಲ್ಲೂ ಕಾಣಲಿಲ್ಲ. ಇನ್ನೊಂದು ಹಟವಿತ್ತು ಅವರಿಗೆ. ಒಮ್ಮೆ ಹಾಕಿದ ಪೆಂಡಾಲನ್ನು ಕಾರ್ಯ ಮುಗಿಯುವ ತನಕ ಯಾರಿಗೂ ಬಿಚ್ಚಿ ಕೊಡುತ್ತಿರಲಿಲ್ಲ. ಅಂತರಸಂತೆ ಕಡೆಯ ಒಂದು ಬಡ ಮದುವೆಯ ಪೆಂಡಾಲನ್ನು ದೊಡ್ಡವರ ಸಭೆಗೆಂದು ಕೇಳಿದಾಗ, ಊರಲ್ಲೇ ಇಲ್ಲವೆಂದು ಹೇಳಿಸಿ ಮನೆಯೊಳಗೆ ಕೂತು ಮುದ್ದೆ ಉಂಡವರು.

ಆದರೆ ಒಂದು ವಿಷಯ ನನಗೆ ಹಿಡಿಸಲಿಲ್ಲ. ಎಲ್ಲೇ ಸಾವಾದರೂ ಹೇಳಿಕಳಿಸುವ ಮೊದಲೇ ಅವರ ಟೆಂಪೋ ಅಲ್ಲಿರುತ್ತಿತ್ತು. ಬಾಡಿಗೆ ಮುಟ್ಟುತ್ತಿರಲಿಲ್ಲ. ಮೊದಮೊದಲು ಎಷ್ಟು ದೊಡ್ಡ ಮನಸ್ಸು ಎಂದುಕೊಂಡಿದ್ದೆ. ಒಮ್ಮೆ ಕೇಳಿದರೆ ನಕ್ಕುಬಿಟ್ಟರು.

"ಮನಸ್ಸೂ ಇಲ್ಲ, ಮಣ್ಣೂ ಇಲ್ಲ ಕಣ್ಲಾ. ಸಾವಿನ ಮನೇಗೆ ಮೊದ್ಲು ಹೋದೋನ್ನೇ ನಾಳೆ ಮದ್ವೆ ಮನೇಗೂ ಕರೀತಾರೆ."

ಹೆಣದ ಮುಂದೆಯೂ ವ್ಯಾಪಾರ ಮಾಡುವ ಮನುಷ್ಯ ಎಂದು ಆ ದಿನ ಮನೆಗೆ ಬಂದು ಬೈದೆ. ಹೆಂಡತಿ ರೊಟ್ಟಿ ತಟ್ಟುತ್ತಲೇ, "ಬಿಸ್ಲಲ್ಲಿ ನಿಂತೋರ್ಗೆ ನೆಳ್ಳು ಬೇಕು. ಅವ್ರ ಮನಸ್ಸಲ್ಲಿ ಏನಿತ್ತು ಅಂತ ಯಾರ್ ಕೇಳ್ತಾರೆ? ನೀವೂ ಹಾಕಿ," ಅಂದಳು. ನಾನು ಹಾಕಲಿಲ್ಲ. ಸಾವಿನ ಮನೆಯಿಂದ ಲಾಭ ಬರುವುದೇ ಬೇಡ ಎಂಬ ಬಿಂಕ ನನಗೆ. ಪಿರಿಯಾಪಟ್ಟಣದ ಒಂದು ಮದುವೆಯೂ ನೇರವಾಗಿ ನನ್ನ ಹತ್ತಿರ ಬರಲಿಲ್ಲ. ವರ್ಷಗಟ್ಟಲೆ ಅವರು ಕಳಿಸಿದ್ದರಲ್ಲೇ ಬದುಕಿದೆ...

ಯಜಮಾನರು ತೀರಿಕೊಂಡದ್ದು ಲಗ್ನಗಳು ತುಂಬಿದ್ದ ಒಂದು ದಿನ. ಸುದ್ದಿ ಕೇಳಿ ಓಡಿದೆ. ಮನೆ ಮುಂದೆ ಅವರನ್ನು ಮಲಗಿಸಿದ್ದರು. ಜನ ತಲೆಗೆ ಟವೆಲ್ಲು, ಸೆರಗು ಹೊದ್ದು ಬಿಸಿಲಲ್ಲಿ ನಿಂತಿದ್ದರು. ಗೋಡೌನು ಬರಿದಾಗಿತ್ತು, ಎಲ್ಲವೂ ಮದುವೆ ಮನೆಗಳಿಗೆ ಹೋಗಿತ್ತು. ಹುಣಸೂರಿನದೊಂದನ್ನು ಬಿಚ್ಚಿಸಿ ತರುತ್ತೇನೆಂದು ಮಗ ಹೊರಟ. ಯಜಮಾನರ ಹೆಂಡತಿ ಕೂತಲ್ಲಿಂದಲೇ ತಡೆದರು.

"ಮದ್ವೆ ಮನೇದು ಮುಟ್ಬ್ಯಾಡ ಕಣಪ್ಪ. ನಿಮ್ಮಪ್ಪ ಒಪ್ತಿರ್ನಿಲ್ಲ."

ಮಗ ಅಲ್ಲೇ ನಿಂತುಬಿಟ್ಟ. ನಾನು ಅಂಗಡಿಗೆ ಫೋನು ಮಾಡಿ ಮದುವೆಗಳಿಗೆ ಹೋಗದೆ ಉಳಿದಿದ್ದ ಒಂದೇ ಒಂದು ಹಳೆಯ ಶಾಮಿಯಾನ ತರಿಸಿದೆ. ನಡುವೆ ತೇಪೆ ಹಾಕಿದ್ದು. ಕಂಬ ನೆಟ್ಟು ಹಗ್ಗ ಕಟ್ಟುವಾಗ ಕಣ್ಣು ಮಂಜಾಗಿ ಗಂಟು ಕಾಣಲಿಲ್ಲ. ನಾನು ಹಾಕಿದ ಮೊದಲ ಸಾವಿನ ಪೆಂಡಾಲು ಅದು.

ತಿಥಿ ಕಳೆದ ಮೇಲೆ ಅವರ ಹೆಂಡತಿ ಹೇಳಿಕಳಿಸಿ, "ಬಾಡ್ಗೆ ಏನಾಯ್ತಪ್ಪಾ?" ಎಂದು ಕೇಳಿದರು.

"ಅದೆಲ್ಲ ಬ್ಯಾಡಿ ಅಮ್ಮ."

ನನ್ನ ಮುಖವನ್ನೇ ನೋಡಿದರು. "ನೀನೂ ಕಲ್ತೆ ಬುಡು," ಅಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಮಗನಿಗೆ ಈ ಕೆಲಸದಲ್ಲಿ ಮನಸ್ಸಿರಲಿಲ್ಲ, ಗೋಡೌನನ್ನು ಟೈಲ್ಸ್ ಅಂಗಡಿಗೆ ಕೊಟ್ಟ. ಮುಂದಿನ ಲಗ್ನಗಳು ಬಂದಾಗ ಪಿರಿಯಾಪಟ್ಟಣದ ಒಬ್ಬರು ನನ್ನ ಅಂಗಡಿ ಹುಡುಕಿಕೊಂಡು ಬಂದರು, ಆಮೇಲೆ ಇನ್ನೊಬ್ಬರು. ಯಾರನ್ನು ಕೇಳಿದರೂ ಒಂದೇ ಮಾತು: "ಯಜಮಾನ್ರು ತೀರ್ಕೊಂಡ ದಿನ ನಿಮ್ ಪೆಂಡಾಲಲ್ಲಿ ಕುಂತಿದ್ವಲ್ಲ." ವರ್ಷಗಟ್ಟಲೆ ಆಸೆಪಟ್ಟಿದ್ದ ವ್ಯಾಪಾರ ಅದು. ಮೊದಲ ಮುಂಗಡ ಕೈಗೆ ಬಂದ ದಿನ ನನಗೆ ಊಟ ಸೇರಲಿಲ್ಲ.

ಈಗ ಅವರ ಊರುಗಳಲ್ಲೆಲ್ಲ ನನ್ನ ಪೆಂಡಾಲೇ. ಗೆದ್ದೆನೆಂದು ಜನ ಹೇಳುತ್ತಾರೆ. ನಾನು ಗೆದ್ದದ್ದು ಅವರ ಹೆಣದ ಮುಂದೆ ಎಂದು ನನಗೆ ಗೊತ್ತು. ಇದನ್ನು ಹೇಳಿದರೆ ನಕ್ಕು ಹಗುರ ಮಾಡಿಬಿಡುತ್ತಿದ್ದವರು ಅವರೊಬ್ಬರೇ. ಅವರೇ ಇಲ್ಲ.