ಕಾಮಠಿ ರಸ್ತೆಗೆ ಹೊಸ ದೀಪ

ನಮ್ಮ ಮನೆಯವರಿಗೆ ಕತ್ತಲಲ್ಲಿ ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿತ್ತು. ಆದರೂ ಮನೆಯಲ್ಲಿ ಬೈಗುಳ ತಿನ್ನುತ್ತಿದ್ದದ್ದು ಮಾತ್ರ ಕಾರಿನ ದೀಪ.

ಎಂಬತ್ತರ ದಶಕದ ನಡುವೆ ನಾವು ಧಾರವಾಡದಿಂದ ನಾಗಪುರಕ್ಕೆ ವರ್ಗವಾಗಿ ಬಂದ ಹೊಸದರಲ್ಲಿ, ಊರು ಬಿಟ್ಟು ಹೊರಟಿದ್ದ ಮುದುಕರೊಬ್ಬರಿಂದ ಇವರು ಒಂದು ಹಳೆಯ ವಿಲಾಯತಿ ಕಾರು ಕೊಂಡಿದ್ದರು. ನನಗಿಂತ ವಯಸ್ಸಾದ ಕಾರು. ಅದರ ಎರಡು ದುಂಡು ದೀಪಗಳ ಬೆಳಕು ದೇವರ ಮನೆಯ ನಂದಾದೀಪಕ್ಕಿಂತ ತುಸು ಹೆಚ್ಚು, ಅಷ್ಟೇ. ಹೊತ್ತು ಮುಳುಗಿದ ಮೇಲೆ ಎಲ್ಲಿಗಾದರೂ ಹೊರಟರೆ ನಾನು ಪಕ್ಕದಲ್ಲಿ ಕೂತು ದಾರಿ ಹೇಳುತ್ತಿದ್ದೆ. "ಎಡಕ್ಕ ಸೈಕಲ್ ಬಂತು. ಮುಂದ ಎಮ್ಮಿ ಅದಾವ್ರಿ." ಅವರು "ಕಾಣತೈತಿ, ಕಾಣತೈತಿ" ಎನ್ನುತ್ತ ಆಮೇಲೆ ಬ್ರೇಕ್ ಒತ್ತುತ್ತಿದ್ದರು. ಕಂಡವರು ಮೊದಲೇ ಒತ್ತಬೇಕಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬರುತ್ತಿತ್ತು. ನುಂಗಿಕೊಳ್ಳುತ್ತಿದ್ದೆ.

ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ಆ ಚಳಿಗಾಲದಲ್ಲಿ ನಾಗಪುರದ ಪಕ್ಕದ ಕಾಮಠಿ ಊರಿನಲ್ಲಿದ್ದ ಇವರ ತಂಗಿಗೆ ದಿನ ತುಂಬಿತ್ತು. ಮೊದಲ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲದ್ದು ಅಡ್ಡ ಮಲಗಿದೆ, ನೋವು ಕಾಣಿಸಿದ ಕೂಡಲೇ ನಾಗಪುರಕ್ಕೆ ಕರೆತನ್ನಿ, ತಡವಾದರೆ ಇಬ್ಬರೂ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಅವಳ ಗಂಡ ಬ್ಯಾಂಕಿನ ಕೆಲಸದ ಮೇಲೆ ದೂರದ ಊರಿನಲ್ಲಿದ್ದರು. ಮನೆಯಲ್ಲಿದ್ದವರು ಅವಳ ಅತ್ತೆ ಒಬ್ಬರೇ. ಈಗಲೇ ನಮ್ಮಲ್ಲಿಗೆ ಬಂದಿರಲಿ ಎಂದರೆ ಆಕೆ ಸುತರಾಂ ಒಪ್ಪಲಿಲ್ಲ. ಅಮಾವಾಸ್ಯೆ ಕಳೆಯುವ ತನಕ ತುಂಬು ಬಸುರಿ ಹೊಸ್ತಿಲು ದಾಟಬಾರದಂತೆ. ನೋವು ಬಂದ ಮೇಲೆ ದಾಟಿದರೆ ಮಾತ್ರ ದೋಷವಿಲ್ಲವಂತೆ. ಇವರು ಎದೆ ತಟ್ಟಿಕೊಂಡು ಹೇಳಿಯೇಬಿಟ್ಟರು. "ಬಾಜೂ ಮನಿಯಿಂದ ಒಂದ್ ಫೋನ್ ಮಾಡಸ್ರಿ ಅವ್ವಾರ. ಹಗಲಿರಲಿ ರಾತ್ರಿ ಇರಲಿ, ನಾ ಬರತೀನಿ."

ರಾತ್ರಿ ಕಾಮಠಿ ರಸ್ತೆಯಲ್ಲಿ ಲಾರಿಗಳದ್ದೇ ದರ್ಬಾರು. ಸ್ಟೀರಿಂಗ್ ಹಿಡಿದವರು ಈ ಮನುಷ್ಯ, ಬರುವಾಗ ಹಿಂದಿನ ಸೀಟಿನಲ್ಲಿ ನೋವು ತಿನ್ನುವ ಬಸುರಿ. ಬೇಡ ಎನ್ನಲು ಬಾಯಿ ತೆರೆದೆ. ಬೀಗರ ಮನೆಯಲ್ಲಿ ಗಂಡನ ಮರ್ಯಾದೆ ತೆಗೆಯಬಾರದೆಂದು ಮುಚ್ಚಿಕೊಂಡೆ.

ಮರುದಿನವೇ ಇವರು ಇತವಾರಿ ಪೇಟೆಗೆ ಹೋಗಿ ಹ್ಯಾಲೊಜೆನ್ ಬಲ್ಬು, ದಪ್ಪ ತಂತಿ, ರಿಲೇ ಎಂಬ ಸಣ್ಣ ಡಬ್ಬಿ ತಂದರು. ಇಷ್ಟು ಕರೆಂಟನ್ನು ಹಳೆಯ ಸ್ವಿಚ್ಚು ತಡೆಯುವುದಿಲ್ಲ, ಬ್ಯಾಟರಿಯಿಂದ ರಿಲೇ ಮೂಲಕವೇ ಕೊಡಬೇಕು ಎಂದು ನನಗೆ ಪಾಠ ಮಾಡಿದರು. ಆ ಕಾಲದಲ್ಲಿ ಎದುರಿನವರ ಕಣ್ಣು ಕುಕ್ಕದಿರಲೆಂದು ದೀಪದ ಮೇಲರ್ಧಕ್ಕೆ ಕರಿ ಬಣ್ಣ ಬಳಿಯಬೇಕೆಂಬ ಕಾನೂನಿತ್ತು. ಅದನ್ನೂ ಬ್ಲೇಡಿನಿಂದ ಕೆರೆದು ತೆಗೆದರು.

"ಪೊಲೀಸರು ಹಿಡದ್ರ?" ಎಂದೆ.

"ಹಿಡೀಲಿ. ತಂಗಿ ಉಳದ್ರ ಸಾಕು."

ಟಾರ್ಚು ಹಿಡಿದು ನಿಂತೆ. ಕೈಜಾರಿದ ಸ್ಕ್ರೂ ಒಂದು ಬೆಳಕಿನ ಅಂಚಿನಲ್ಲಿ, ಅವರ ಬೆರಳ ಪಕ್ಕದಲ್ಲೇ ಬಿದ್ದಿತ್ತು. ಅವರು ನೆಲವನ್ನೆಲ್ಲ ತಡಕಾಡುತ್ತಿದ್ದರು. ಎತ್ತಿ ಅಂಗೈಯಲ್ಲಿಟ್ಟೆ.

ಮಾರನೆಯ ಸಂಜೆ ಕತ್ತಲಾಗುತ್ತಲೇ ದೀಪ ಪರೀಕ್ಷಿಸಲು ಕಾಮಠಿ ರಸ್ತೆಗೆ ಇಳಿದೆವು. ಬಿಳಿಯ ಬೆಳಕು ದೂರದವರೆಗೆ ಚಾಚಿಕೊಂಡಿತು. "ನೋಡಿದಿ? ಬರೋಬರ್ ಹಗಲ ಆದಂಗ ಆತು" ಎಂದು ಇವರು ಮಗುವಿನ ಹಾಗೆ ನಕ್ಕರು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ನೋಡಿಯೇಬಿಡೋಣ ಎಂದು ಆವತ್ತು ದಾರಿ ಹೇಳದೆ ತುಟಿ ಬಿಗಿದು ಕೂತೆ.

ಎದುರಿಗೆ ಒಂದು ಲಾರಿ ಬಂತು. ನಮ್ಮ ಮುಂದೆಯೇ ಕಬ್ಬಿಣದ ಸರಳು ಹೇರಿದ ಕೈಗಾಡಿಯೊಂದು ಹೋಗುತ್ತಿತ್ತು. ಸರಳುಗಳ ತುದಿಗಳು ಗಾಡಿಯಿಂದ ಹಿಂದಕ್ಕೆ, ನಮ್ಮ ಕಡೆಗೇ ಚಾಚಿದ್ದವು. ಈಗ ಬ್ರೇಕ್ ಒತ್ತುತ್ತಾರೆ ಎಂದು ಕಾದೆ. ಒತ್ತಲಿಲ್ಲ. ಮುಖದಲ್ಲಿ ಇನ್ನೂ ಆ ನಗುವಿತ್ತು. ನಾನು ಎರಡೂ ಕೈಯಿಂದ ಸ್ಟೀರಿಂಗ್ ಹಿಡಿದು ಎಡಕ್ಕೆ ಎಳೆದೆ. ಕಾರು ಮಣ್ಣಿಗಿಳಿಯಿತು. ಸರಳುಗಳು ಅವರ ಕಿಟಕಿಯ ಪಕ್ಕ ಕರಕರ ಸದ್ದು ಮಾಡುತ್ತ ಹಾದುಹೋದವು. ಗಾಡಿಯವನು ಮರಾಠಿಯಲ್ಲಿ ನಮ್ಮ ವಂಶವನ್ನೆಲ್ಲ ಬೈದ.

ಕಾರು ನಿಂತಿತು. ನನಗೆ ಸಿಟ್ಟು ಬಂದಿತ್ತು. ಎದುರಿಗೆ ಒಂದು ಬೇವಿನ ಮರ. ಆ ಬೆಳಕಿನಲ್ಲಿ ಅದರ ಎಲೆ ಎಲೆಯೂ ಎಣಿಸುವಂತಿತ್ತು.

"ಗಿಡ ಕಾಣತೈತೇನ್ರಿ?"

ಬಹಳ ಹೊತ್ತು ನೋಡಿದರು. "ಬೆಳಕ ಕಾಣತೈತಿ" ಎಂದರು.

ಮನೆಗೆ ತಿರುಗೋಣ ಎಂದೆ. ಇವರು ತಲೆಯಾಡಿಸಿದರು. "ಬ್ಯಾಡ. ಕಾಮಠಿಗೇ ಹೋಗೂಣು. ಇವತ್ತ ರಾತ್ರೀನ ನೋವು ಬಂದ್ರ ಏನ್ ಮಾಡೂದು? ನೀ ದಾರಿ ಹೇಳು." ಮದುವೆಯಾದಂದಿನಿಂದ ಅವರಾಗಿಯೇ ನನ್ನನ್ನು ದಾರಿ ಕೇಳಿದ್ದು ಅದೇ ಮೊದಲು. ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕುತ್ತಿದ್ದರು. ಪ್ರತಿ ಗುಂಡಿ, ಪ್ರತಿ ನಾಯಿ, ಪ್ರತಿ ತಿರುವು ಹೇಳಿ ಹೇಳಿ ನನ್ನ ಗಂಟಲು ಒಣಗಿತು.

ಬೀಗರ ಮನೆಯ ಬಾಗಿಲಲ್ಲಿ ಚಪ್ಪಲಿಯನ್ನೂ ಬಿಡದೆ ಇವರು ಹೇಳಿದರು. "ಅವ್ವಾರ, ನನಗ ರಾತ್ರಿ ಕಣ್ಣ ಕಾಣೂದಿಲ್ಲ. ನಾ ಕೊಟ್ಟ ಮಾತು ನನ್ನ ಕೈಲೆ ಆಗೂದಲ್ಲ. ನಾಳೆ ಬೆಳಕಿದ್ದಾಗ ತಂಗೀನ ಕಳಸಿಕೊಡ್ರಿ."

ಆ ಮುದುಕಿಯ ಬಾಯಿಗೆ ಹೆದರದವರಿರಲಿಲ್ಲ. ಆದರೆ ಆವತ್ತು ಆಕೆ "ಮುಂಜಾನೆ ಕರಕೊಂಡು ಹೋಗ್ರಿ. ಅಮಾಸಿ ದೋಷ ನಾ ನೋಡ್ಕೋತೀನಿ" ಎಂದು ಒಳಗೆ ಹೋದರು. ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ನಾದಿನಿಯನ್ನು ಕರೆತಂದೆವು. ಅಮಾವಾಸ್ಯೆಯ ರಾತ್ರಿಯೇ ನೋವು ಬಂತು. ಆಸ್ಪತ್ರೆ ನಮ್ಮ ಬೀದಿಯಲ್ಲೇ ಇತ್ತು. ತಾಯಿ ಮಗಳು ಇಬ್ಬರೂ ಉಳಿದರು.

ಆದರೆ ನಾನು ಹೇಳಬೇಕಾದ್ದು ಆ ಸಂಜೆಯ ಮಾತು. ಮುದುಕಿ ಒಳಗೆ ಹೋದ ಮೇಲೆ ಇವರು ಗೋಡೆಗೊರಗಿ ಕೂತಿದ್ದ ತಂಗಿಯ ಮುಂದೆ ಕುಸಿದು ಕೂತರು. ಅವಳು ಮೆಲ್ಲಗೆ "ನನಗ ಗೊತ್ತಿತ್ತು" ಎಂದಳು.

"ಯಾವಾಗಿಂದ?"

"ಸಣ್ಣವರಿದ್ದಾಗಿಂದ. ಆಡಿ ಬರೂವಾಗ ಹೊತ್ತು ಮುಳುಗಿದ್ರ ನಿನ್ನ ಕೈ ಹಿಡಕೋತಿದ್ನಲ್ಲ. ನನ್ನ ತಂಗಿ ಕತ್ತಲಿಗೆ ಅಂಜತಾಳ ಅಂತ ನೀ ಎಲ್ಲಾರ ಮುಂದ ಹೇಳತಿದ್ದಿ."

ಅವಳು ಅವರ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ನನಗ ಎಂದೂ ಅಂಜಿಕಿ ಇರಲಿಲ್ಲ, ಅಣ್ಣಾ."