ಭರಮಸಾಗರದ ಅನ್ವಯದ ಕೊಟ್ರೇಶಪ್ಪ

ಭರಮಸಾಗರದಲ್ಲಿ ಇನ್ನೂ ನಸುಕು. ತಮ್ಮ ಹಿಟ್ಟಿನ ಗಿರಣಿ ತೆರೆಯುವ ಮೊದಲು ಕೊಟ್ರೇಶಪ್ಪ, ಕೆಂಚಪ್ಪನವರ ಮನೆಯ ಜಗಲಿಗೆ ಬಂದು ತೊಡೆಯ ಮೇಲೆ ಪುರಾಣದ ಪುಸ್ತಕ ಬಿಚ್ಚುತ್ತಾರೆ. ಒಂದು ಪದ್ಯ ಓದಿ ನಿಲ್ಲುತ್ತಾರೆ. ಓದು ಕಿವಿಗೆ ಹಿತವೇನಲ್ಲ. ರಾಗ ಅವರಿಗೆ ಒಲಿದದ್ದೇ ಇಲ್ಲ. ಎದುರಿಗೆ ಗೋಡೆಗೊರಗಿ ಕೆಂಚಪ್ಪ ಕೇಳುತ್ತಾರೆ. ಲಕ್ವ ಹೊಡೆದು ಮಾತು ಹೋಗಿ ಇದು ಎರಡನೇ ವರ್ಷ.

ಮುಂಚೆ ಎಲ್ಲ ತಿರುವುಮುರುವಾಗಿತ್ತು. ಶ್ರಾವಣ ಬಂತೆಂದರೆ ಗುಡಿಯಲ್ಲಿ ಕೆಂಚಪ್ಪ ಹಾಡಿ ಓದಬೇಕು, ಕೊಟ್ರೇಶಪ್ಪ ಅರ್ಥ ಹೇಳಬೇಕು. ಅರ್ಥ ಮುಗಿಯದೆ ಮುಂದಿನ ಪದ್ಯ ಎತ್ತುವಂತಿಲ್ಲ, ಅದು ಅಲ್ಲಿಯ ಕಟ್ಟಳೆ. ಅರ್ಥಕ್ಕೂ ಮೊದಲು ಅನ್ವಯ. ಛಂದಸ್ಸಿಗಾಗಿ ಕವಿ ಎಲ್ಲೆಲ್ಲೋ ಚೆಲ್ಲಿದ ಪದಗಳನ್ನು ಆಡುಮಾತಿನ ಸಾಲಿಗೆ ತರುವ ಕೆಲಸ. ಹೆಸರು ಸಂಸ್ಕೃತದ್ದು: ‘ಅನು’ ಎಂದರೆ ಹಿಂದೆ, ‘ಅಯ’ ಎಂದರೆ ಹೋಗುವುದು, ಒಂದರ ಹಿಂದೊಂದು ಸಾಗುವುದು. ಶಾಲೆಯ ಮೇಷ್ಟ್ರು ಕಲಿಸಿದ್ದನ್ನು ಕೊಟ್ರೇಶಪ್ಪ ತಮ್ಮ ಮಾತಲ್ಲಿ ಹೇಳುತ್ತಾರೆ: “ಮೊದ್ಲು ಕ್ರಿಯಾಪದ ಹಿಡೀಬೇಕ್ರಿ. ಯಾರು ಮಾಡಿದ್ದು, ಏನು ಮಾಡಿದ್ದು ಅಂತ ಅದನ್ನೇ ಕೇಳ್ಬೇಕು. ಮುಂದಿನ ಕುರಿ ಸಿಕ್ರೆ ಹಿಂಡು ತಾನೇ ಬರ್ತೈತೆ.”

ಹೋದ ಶ್ರಾವಣದಲ್ಲಿ ಗುಡಿಯವರು ಮೈಕಿಗೆ ಮೊಬೈಲ್ ಹಿಡಿದು ಪುರಾಣ ಓದಿನ ರೆಕಾರ್ಡಿಂಗ್ ಹಾಕಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಇವರು ಒಂದು ಪದ್ಯ ಬಿಡಿಸುವಷ್ಟರಲ್ಲಿ ಅದು ನಾಲ್ಕು ದಾಟಿರುತ್ತಿತ್ತು. ನಿಲ್ಲಿಸಿ ಎಂದರೆ, ರಾಗ ಕೆಡುತ್ತದೆ ಎಂದರು. ಕೊನೆಗೆ ಇವರೇ ಎದ್ದು ಬಂದರು. “ಅದು ಯಾರಿಗೂ ಕಾಯಲ್ಲ. ಜನಕ್ಕೂ ಅರ್ಥ ಬ್ಯಾಡವಾಗೈತೆ” ಎನ್ನುತ್ತಾರೆ. ಈ ವರ್ಷವೂ ಮೊಬೈಲೇ ಎಂದು ತೀರ್ಮಾನವಾಗಿದೆ.

ಅದಕ್ಕೇ ಈ ಜಗಲಿ. ಪದ್ಯ ಮುಗಿದೊಡನೆ ಕೆಂಚಪ್ಪನವರ ಎಡಗೈ ಬೆರಳು ಎದುರು ಚಾಚಿದ ಪುಟದ ಮೇಲೆ ತಡವರಿಸಿ ಕ್ರಿಯಾಪದದ ಮೇಲೆ ನಿಲ್ಲುತ್ತದೆ. ಇತ್ತೀಚೆಗೆ ಬಹಳ ಸಲ ತಪ್ಪು ಪದದ ಮೇಲೆ ನಿಲ್ಲುತ್ತಿದೆ. ಕೊಟ್ರೇಶಪ್ಪ ತಿದ್ದುವುದಿಲ್ಲ, ಹೂಂ ಎಂದು ಅರ್ಥಕ್ಕಿಳಿಯುತ್ತಾರೆ. ಮಾತು ಮರಳುವ ಆಸೆ ಬೇಡ ಎಂದು ಡಾಕ್ಟರು ಹೇಳಿದ್ದಾರೆ. “ನಿಮ್ಮ ದನಿ ಕೇಳಿದ್ರಷ್ಟೇ ಅಪ್ಪ ಎದ್ದು ಕುಂತ್ಕಳ್ಳೋದು, ತಪ್ಪಿಸ್ಬ್ಯಾಡ್ರಿ” ಎಂದು ಕೆಂಚಪ್ಪನವರ ಮಗಳು ಉಷಾ ಚಹಾ ತಂದಿಡುತ್ತಾರೆ.

ನಿಮಗೇನು ಆಸೆ ಎಂದರೆ ಕೊಟ್ರೇಶಪ್ಪ ಪುಸ್ತಕ ಮಡಚಿ ಹೇಳುತ್ತಾರೆ:

“ನಾನು ಅರ್ಥ ಹೇಳ್ತಾ ಸ್ವಲ್ಪ ಎಳೀತಿದ್ದೆ. ‘ಸಾಕು ಮುಗ್ಸಲೇ’ ಅಂತ ಕೆಂಚಪ್ಪ ಜನದ ಮುಂದೇನೇ ಗದರೋರು. ಸಿಟ್ಟು ಬರೋದು. ಈಗ ದಿನಾ ಬೇಕಂತ್ಲೇ ಎಳೀತೀನ್ರಿ. ‘ಸಾಕು’ ಅಂದ್ರೂ ಅಂದಾರು.”